ಗಾಜಿನ ಕೋಣೆಯ ಒಂದು ಗಂಟೆ

"ನೀವು ನಮ್ಮ ಭಾಷೆ ಯಾಕೆ ಕಲೀತಿದ್ದೀರಿ?"

ಎದುರಿಗೆ ಕೂತವನು ಕೇಳಿದ ಮೊದಲ ಪ್ರಶ್ನೆಯೇ ಇದು. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಮೇಜಿನ ಮೇಲಿದ್ದ ಪುಟ್ಟ ರೆಕಾರ್ಡರ್‌ನ ಗುಂಡಿ ಒತ್ತಿ, ಕೈಕಟ್ಟಿ ಕೂತುಬಿಟ್ಟ.

"ಪಾಸಾಗೋಕೆ," ಎಂದಳು ಅವಳು.

"ಬೇರೆ ಏನಾದ್ರೂ ಕಾರಣ?"

"ಇಲ್ಲ."

"ಭಾಷೆ ಇಷ್ಟನಾ?"

"ಇಲ್ಲ."

ಅವನ ತುಟಿಯ ಅಂಚು ಸ್ವಲ್ಪ ಅಲುಗಿತು. ನಗುತ್ತಿದ್ದಾನಾ? ನಗಲಿ. ಈ ಊರಲ್ಲಿ ಎಲ್ಲರೂ ನಕ್ಕಾಗಿದೆ, ಇವನೊಬ್ಬ ಯಾಕೆ ಬಾಕಿ ಇರಬೇಕು ಎಂದುಕೊಂಡಳು.

ಆದರೆ ಅವನು ನಗಲಿಲ್ಲ. "ನಿಜ ಹೇಳಿದ್ರಲ್ಲ, ಥ್ಯಾಂಕ್ಸ್. ಮಿಕ್ಕವರೆಲ್ಲ ತುಂಬಾ ಇಷ್ಟ ಅಂತಾರೆ," ಎಂದ.

ಈ ಮಾತೆಲ್ಲ ನಡೆದದ್ದು ಅವನ ಭಾಷೆಯಲ್ಲಿ. ಓದುವ ನಿಮಗೆ ಯಾಕೆ ಆ ಕಷ್ಟ ಅಂತ ನಮ್ಮ ಮಾತಿನಲ್ಲೇ ಹೇಳುತ್ತಿದ್ದೇನೆ. ಅವಳ ಬಾಯಿಂದಂತೂ ಇಷ್ಟು ಸಲೀಸಾಗಿ ಬರಲಿಲ್ಲ. 'ಪಾಸಾಗೋಕೆ' ಅನ್ನುವ ಒಂದೇ ಒಂದು ಪದಕ್ಕೆ ಗೋಡೆ ನೋಡಿ, ಮೇಜು ನೋಡಿ, ತನ್ನ ಉಗುರು ನೋಡಿ, ಆಮೇಲೆ ಬಾಯಿ ತೆರೆದಿದ್ದಳು.

ಮನೆಯಲ್ಲಿ ಅವಳನ್ನು ಕರೆಯುವುದು ಗಿಣಿ ಅಂತ. ಹಾಗೆ ಹೆಸರಿಟ್ಟವಳು ಅಕ್ಕ. ಅಮ್ಮ ಹೋದ ಮೇಲೆ ತಂಗಿಯನ್ನು ಸಾಕಿದವಳೂ ಅವಳೇ. ಅರಳು ಹುರಿದ ಹಾಗೆ ಪಟಪಟ ಮಾತಾಡುತ್ತಿದ್ದ ಹುಡುಗಿ ಇವಳು. "ನಿನ್ನ ಬಾಯಿಗೆ ಒಂದು ದಿನ ರಜಾ ಕೊಡೇ," ಎಂದು ಅಕ್ಕ ತಲೆ ಮೇಲೆ ಕೈ ಹೊತ್ತುಕೊಳ್ಳುತ್ತಿದ್ದಳು.

ಈಗ ಬಾಯಿಗೆ ರಜಾವೋ ರಜಾ.

ಫಿಸಿಯೋಥೆರಪಿ ಓದಲು ಇಷ್ಟು ದೂರ ಬಂದಿದ್ದಳು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿದ್ದುದರಿಂದ ತರಗತಿಯ ಒಳಗೆ ಹೇಗೋ ಸಾಗುತ್ತಿತ್ತು. ಮೇಷ್ಟ್ರು ಹೊರಗೆ ಹೋದ ಕೂಡಲೇ ಎಲ್ಲರೂ ತಮ್ಮ ಮಾತಿಗೆ ಜಾರಿಕೊಳ್ಳುತ್ತಿದ್ದರು, ಇವಳು ಬ್ಯಾಗಿನ ಜಿಪ್ ಹಾಕುತ್ತಾ ತೆಗೆಯುತ್ತಾ ಕೂರುತ್ತಿದ್ದಳು. ಮುಂದಿನ ವರ್ಷದಿಂದ ಆಸ್ಪತ್ರೆಯಲ್ಲಿ ರೋಗಿಗಳ ಜೊತೆ ಕೆಲಸ. ಅದಕ್ಕೆ ಮುಂಚೆ ಆ ಊರಿನ ಭಾಷೆಯಲ್ಲಿ ಬಾಯಿಮಾತಿನ ಪರೀಕ್ಷೆ ಪಾಸಾಗಬೇಕು. ಒಂದು ಸಲ ಆಗಲೇ ಫೇಲಾಗಿದ್ದಳು. ಇನ್ನೊಂದು ಸಲ ಆದರೆ ಗಂಟುಮೂಟೆ ಕಟ್ಟಬೇಕಾಗಿತ್ತು.

ಭಾಷೆ ಬರದಷ್ಟು ದಡ್ಡಿಯೇನಲ್ಲ. ಬಂದ ಮೊದಲ ದಿನ, ರೈಲಿನಲ್ಲಿ ದಾರಿಯುದ್ದಕ್ಕೂ ಉರು ಹೊಡೆದ ಒಂದು ವಾಕ್ಯವನ್ನು ಯೂನಿವರ್ಸಿಟಿಯ ಕೌಂಟರಿನಲ್ಲಿ ಹೇಳಲು ಹೋಗಿದ್ದಳು. ಅರ್ಧ ಹೇಳುವಷ್ಟರಲ್ಲಿ ಕೌಂಟರಿನವಳು ನಕ್ಕು, ಉಳಿದರ್ಧ ತಾನೇ ಹೇಳಿ ಮುಗಿಸಿದಳು. ಪಕ್ಕದವಳೂ ನಕ್ಕಳು. ಅಷ್ಟೇ... ದೊಡ್ಡ ವಿಷಯವೇನಲ್ಲ. ಆದರೆ ಇವಳ ಮನಸ್ಸು ಅವತ್ತೇ ಬಾಗಿಲು ಹಾಕಿಕೊಂಡಿತು. ನಿಮ್ಮ ಭಾಷೆ ನಿಮಗೇ ಇರಲಿ, ನನಗೆ ಪಾಸಾದರೆ ಸಾಕು ಎಂದು ತೀರ್ಮಾನಿಸಿಬಿಟ್ಟಳು.

ಬೇಡ ಅಂದವರ ಬಾಯಿಗೆ ಯಾವ ಭಾಷೆ ತಾನೇ ಬಂದೀತು?

ಅಂಗಡಿಯಲ್ಲಿ ಬೆರಳು ತೋರಿಸಿದರೆ ಸಿಗುವುದನ್ನಷ್ಟೇ ಕೊಳ್ಳುತ್ತಿದ್ದಳು. ಬೆರಳು ತೋರಿಸಲಾಗದ ಒಳಗಿನ ಕಪಾಟಿನಲ್ಲಿ ಏನಿದೆಯೋ ಅದು ಅವಳಿಗಿಲ್ಲ. ಹಾಸ್ಟೆಲ್ಲಿನ ಕೋಣೆಯಲ್ಲಿ ಕೆಟಲ್ ಶಿಳ್ಳೆ ಹಾಕಿದರೆ, "ಬಂದೆ, ಬಂದೆ, ಕೂಗ್ಬೇಡ," ಎಂದು ಅದಕ್ಕೇ ಹೇಳುತ್ತಿದ್ದಳು. ಎಷ್ಟೋ ದಿನ ಅವಳು ಗಟ್ಟಿಯಾಗಿ ಆಡಿದ ಮೊದಲ ಮಾತು ಅದೇ ಆಗಿರುತ್ತಿತ್ತು. ಬೆಳಗಿನಿಂದ ಬಳಸದ ಗಂಟಲು ಗರಗರ ಅನ್ನುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದರೆ ಅಲ್ಲಿ ಹಸುಗೂಸಿನ ಅಳು. "ಹೂಂ ಹೇಳು, ಕೇಳಿಸ್ಕೋತಿದ್ದೀನಿ," ಅನ್ನುತ್ತಾ ಅಕ್ಕ ಮಗುವಿಗೆ ಬಟ್ಟೆ ಬದಲಿಸುತ್ತಿದ್ದಳು.

"ಫ್ರೆಂಡ್ಸ್ ಆದ್ರಾ?"

"ಓ, ಬೇಕಾದಷ್ಟು ಜನ," ಎಂದು ಇವಳು ಸುಳ್ಳು ಹೇಳುತ್ತಿದ್ದಳು.

ಫೇಲಾದವರಿಗಾಗಿ ಭಾಷಾ ವಿಭಾಗದಲ್ಲಿ ಒಂದು ಏರ್ಪಾಡಿತ್ತು. ಕಲಿಯುವವರ ಮನೋಭಾವಕ್ಕೂ ಆಸಕ್ತಿಗೂ ಅವರ ಕಲಿಕೆಗೂ ಏನು ಸಂಬಂಧ ಅಂತ ಅಲ್ಲಿನ ಪ್ರೊಫೆಸರ್ ಮೇಡಂ ಅಧ್ಯಯನ ನಡೆಸುತ್ತಿದ್ದರು. ಒಬ್ಬೊಬ್ಬ ವಿದ್ಯಾರ್ಥಿಗೆ ಒಬ್ಬೊಬ್ಬ ಮಾತಿನ ಜೊತೆಗಾರ. ವಾರಕ್ಕೊಂದು ಗಂಟೆ, ಗಾಜಿನ ಗೋಡೆಯ ಕೋಣೆಯಲ್ಲಿ ಎದುರುಬದುರು ಕೂತು ಮಾತು. ಬರೀ ಆ ಊರಿನ ಭಾಷೆ, ಬೇರೆ ಒಂದು ಪದವೂ ಕೂಡದು. ಅವಳಿಗೆ ಸಿಕ್ಕ ಜೊತೆಗಾರ ಇವನು, ಮೇಡಂ ಕೈಕೆಳಗಿನ ಸಂಶೋಧನಾ ವಿದ್ಯಾರ್ಥಿ. ಉದ್ದನೆಯ ಆಳು, ಸ್ವಲ್ಪ ಅಗಲ ಕಿವಿ, ಮೊಣಕೈ ಸವೆದ ಸ್ವೆಟರ್.

ಅವನಲ್ಲಿ ಒಂದು ವಿಚಿತ್ರ ಗುಣವಿತ್ತು. ಅವನು ಕಾಯುತ್ತಿದ್ದ.

ಅವಳು ಒಂದು ಪದಕ್ಕಾಗಿ ತಡಕಾಡುತ್ತಿದ್ದರೆ, ಮಿಕ್ಕವರ ಹಾಗೆ ಅದನ್ನು ಬಾಯಿಗೆ ತುರುಕುತ್ತಿರಲಿಲ್ಲ. ಗಡಿಯಾರ ನೋಡುತ್ತಿರಲಿಲ್ಲ, ಪೆನ್ನು ತಿರುಗಿಸುತ್ತಿರಲಿಲ್ಲ. ಸುಮ್ಮನೆ ಅವಳ ಮುಖ ನೋಡುತ್ತಾ, ಬರುವ ಪದ ಬರಲಿ ಅಂತ ಕೂತಿರುತ್ತಿದ್ದ. ಮೊದಮೊದಲು ಅವಳಿಗೆ ಮೈ ಪರಚಿಕೊಳ್ಳುವ ಹಾಗಾಗುತ್ತಿತ್ತು.

"ಯಾಕೆ ಸಹಾಯ ಮಾಡಲ್ಲ?" ಎಂದು ಒಂದು ದಿನ ಕೇಳಿಯೇಬಿಟ್ಟಳು. ತಪ್ಪುತಪ್ಪಾಗಿ, ಸಿಟ್ಟಿನಲ್ಲಿ.

ಅವನು ನಿಧಾನವಾಗಿ ಹೇಳಿದ. "ನಮ್ಮ ತಾತಂಗೆ ಪಾರ್ಶ್ವವಾಯು ಆಗಿತ್ತು. ಮಾತು ನಿಧಾನ ಆಯ್ತು. ಮನೇಲಿ ಎಲ್ಲರೂ ಅವರ ಮಾತನ್ನ ತಾವೇ ಮುಗಿಸಿಬಿಡೋರು. ಪ್ರೀತಿಯಿಂದಾನೇ... ಕೊನೆಕೊನೆಗೆ ತಾತ ಮಾತಾಡೋದೇ ಬಿಟ್ಟುಬಿಟ್ರು."

ಅವಳಿಗೆ ಅಷ್ಟೂ ಅರ್ಥವಾಯಿತು. ಆ ಭಾಷೆಯಲ್ಲಿ ಯಾರೋ ಅವಳಿಗೆ ಹೇಳಿದ ಮೊದಲ ನಿಜವಾದ ಮಾತು ಅದು. ಪಠ್ಯಪುಸ್ತಕದ ಜನ ಬರೀ ಸ್ಟೇಷನ್ ಎಲ್ಲಿದೆ ಅಂತ ಕೇಳುತ್ತಿದ್ದರು, ಅವರ ಮನೆಯಲ್ಲಿ ತಾತ ಇರಲಿಲ್ಲ.

ಅವಳು ಕೆಟಲ್ ಜೊತೆ ಮಾತಾಡುವ ವಿಷಯ ಹೇಳಿದಳು. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಎಲ್ಲಿ ನಗಬೇಕೋ ಅಲ್ಲಿ ಅವನು ನಕ್ಕ, ಅವಳ ತಪ್ಪಿಗಲ್ಲ, ಮಾತಿಗೆ. "ಕೆಟಲ್ ಏನನ್ನುತ್ತೆ?" ಎಂದು ಕೇಳಿದ.

"ಅದಕ್ಕೂ ಉಚ್ಚಾರಣೆ ಸರಿ ಇಲ್ಲ," ಎಂದಳು.

ಆಮೇಲೆ ವಾರವೆಂದರೆ ಅವಳಿಗೆ ಆ ಒಂದು ಗಂಟೆ ಆಯಿತು, ಮಿಕ್ಕದ್ದೆಲ್ಲ ಅದಕ್ಕೆ ಕಾಯುವ ಹೊತ್ತು. ಅವನಿಗೆ ಹೇಳಬೇಕೆಂದೇ ಬೀದಿಯಲ್ಲಿ ಕಣ್ಣು ಬಿಟ್ಟು ನೋಡತೊಡಗಿದಳು. ಬಸ್ಸಿನಲ್ಲಿ ಇಬ್ಬರು ಹೆಂಗಸರು ಜಗಳವಾಡಿದರೆ ಕಿವಿ ಕೊಟ್ಟು ಪದ ಹೆಕ್ಕಿಕೊಂಡಳು. ಬೆರಳು ತೋರಿಸಲಾಗದ ಕಪಾಟಿನಿಂದ ಒಂದು ದಿನ ಬಾಯಿಬಿಟ್ಟು ಕೇಳಿ ಸೋಪು ತಂದಳು.

'ಪಾಸಾಗೋಕಾ ಇದೆಲ್ಲ?' ಎಂದು ಮನಸ್ಸು ಕೇಳಿತು. ಸುಮ್ಮನಿರು ಎಂದು ಅದರ ಬಾಯಿ ಮುಚ್ಚಿದಳು.

ಹಾಗಿರುವಾಗ ಆ ಮಧ್ಯಾಹ್ನ ಬಂತು.

ಬಸ್ ಸ್ಟಾಪಿನಲ್ಲಿ ಅವಳ ತರಗತಿಯ ನಾಲ್ಕಾರು ಜನ ಗುಂಪಾಗಿ ನಿಂತಿದ್ದರು, ಇವಳು ಸ್ವಲ್ಪ ಆಚೆ. ರಸ್ತೆಯ ಆ ತುದಿಯಿಂದ ಅವನು ಬರುತ್ತಿದ್ದ. ಕೋಣೆಯ ಹೊರಗೆ ಅವನನ್ನು ಇಷ್ಟು ಹತ್ತಿರ ನೋಡಿದ್ದು ಅದೇ ಮೊದಲು. ಬಿಸಿಲಿನಲ್ಲಿ ಆ ಅಗಲ ಕಿವಿ ಕೆಂಪಗೆ ಕಾಣುತ್ತಿತ್ತು. ಅವಳಿಗೆ ಏನು ಧೈರ್ಯ ಬಂತೋ! ಎಲ್ಲರಿಗೂ ಕೇಳುವ ಹಾಗೆ, ತಾನಾಗಿಯೇ, ಅವನ ಭಾಷೆಯಲ್ಲಿ ಕೇಳಿಬಿಟ್ಟಳು.

"ಚೆನ್ನಾಗಿದ್ದೀರಾ?"

ಒಂದು ತಪ್ಪೂ ಇರಲಿಲ್ಲ. ಗುಂಪಿನ ತಲೆಗಳೆಲ್ಲ ಇತ್ತ ತಿರುಗಿದವು.

ಅವನು ನಿಂತ. ಅವಳನ್ನು ನೋಡಿದ. ಬಾಯಿ ತೆರೆದ... ಮತ್ತೆ ಮುಚ್ಚಿದ. ಕಂಡೂ ಕಾಣದವನ ಹಾಗೆ ಮುಖ ತಿರುಗಿಸಿ, ರಸ್ತೆ ದಾಟಿ ಹೊರಟುಹೋದ.

ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಹಾಸ್ಟೆಲ್ಲಿನಲ್ಲಿ ಪಕ್ಕದ ಕೋಣೆಯಲ್ಲಿದ್ದ ಹುಡುಗಿ ಹತ್ತಿರ ಬಂದು ಸಮಾಧಾನ ಹೇಳುವವಳ ಹಾಗೆ, "ಅವರಿಗೆ ಅದು ಕೆಲಸ ಕಣೇ. ಆ ಗಂಟೆ ಮುಗಿದ ಮೇಲೆ ನೀನ್ಯಾರೋ ಅವರ್ಯಾರೋ," ಎಂದಳು.

ಕೆಲಸ...

ಬಸ್ಸು ಬಂದರೂ ಅವಳು ಹತ್ತಲಿಲ್ಲ, ಹಾಸ್ಟೆಲ್‌ವರೆಗೂ ನಡೆದೇ ಹೋದಳು. ಹಾಗಾದರೆ ಆ ಕಾಯುವುದೂ ಕೆಲಸ. ಆ ನಗುವೂ ಕೆಲಸ. ತಾತನ ಕಥೆಯನ್ನು ಇನ್ನೆಷ್ಟು ಜನರಿಗೆ ಹೇಳಿದ್ದಾನೋ! ಕೋಣೆಗೆ ಬಂದು ಕೆಟಲ್ ಇಟ್ಟಳು. ಅದು ಕೂಗಿದಾಗ ಇವಳು ತುಟಿ ಪಿಟಕ್ಕೆನ್ನಲಿಲ್ಲ.

ಅವತ್ತು ಅಕ್ಕನಿಗೆ ಮಾತ್ರ ಎಲ್ಲ ಹೇಳಿಬಿಟ್ಟಳು. ಫ್ರೆಂಡ್ಸ್ ಇಲ್ಲದ್ದು, ಗಾಜಿನ ಕೋಣೆ, ಬಸ್ ಸ್ಟಾಪು. ಮಗು ಮಲಗಿತ್ತು, ಅಕ್ಕ ನಡುವೆ ಬಾಯಿ ಹಾಕದೆ ಕೇಳಿದಳು.

"ಅವನ ಮುಖ ಕಂಡ್ರೆ ಆಗಲ್ಲ ನಂಗೆ. ಕಿವಿ ನೋಡ್ಬೇಕು ನೀನು, ಮೊರದ ಹಾಗೆ. ಆ ಸ್ವೆಟರ್ ಬೇರೆ..."

"ಮಾತಾಡದೆ ಹೋದೋನ ಬಗ್ಗೆ ಇಷ್ಟೊಂದು ಮಾತಾ ಗಿಣಿ?" ಎಂದಳು ಅಕ್ಕ ಮೆಲ್ಲಗೆ.

ಇವಳಿಗೆ ಅಳು ತಡೆಯಲಾಗಲಿಲ್ಲ.

ಮುಂದಿನ ವಾರ ಕೋಣೆಗೆ ಹೋದಳು. ಹೋಗದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಅವನು ರೆಕಾರ್ಡರ್ ಮುಟ್ಟದೆ ಕೂತಿದ್ದ, ನಿದ್ದೆಗೆಟ್ಟ ಕಣ್ಣು.

"ಅವತ್ತು ಯಾಕೆ ಮಾತಾಡಲಿಲ್ಲ?"

"ಅದರ ಬಗ್ಗೆ... ನಾನು ಹೇಳೋ ಹಾಗಿಲ್ಲ."

"ನಾಚಿಕೆ ಆಯ್ತಾ ನಿಮಗೆ? ನನ್ನ ಮಾತು ಕೇಳಿ?"

"ಇಲ್ಲ. ಅದಲ್ಲ." ಅವನ ಕೈ ಮೇಜಿನ ಅಂಚನ್ನು ಬಿಗಿಯಾಗಿ ಹಿಡಿದಿತ್ತು. "ಪರೀಕ್ಷೆ ಮುಗಿಯೋವರೆಗೆ ನನ್ನ ಏನೂ ಕೇಳ್ಬೇಡಿ. ದಯವಿಟ್ಟು."

"ಸರಿ. ನಿಮ್ಮ ಪ್ರಶ್ನೆ ನೀವು ಕೇಳಿ."

ಅಲ್ಲಿಂದ ಮುಂದೆ ಪ್ರತಿ ವಾರ ಅವಳು ಗಿಳಿಪಾಠ ಒಪ್ಪಿಸಿದಳು. ನಿಮ್ಮ ದಿನಚರಿ ಏನು? ಏಳುತ್ತೇನೆ, ಓದುತ್ತೇನೆ, ಮಲಗುತ್ತೇನೆ. ನಿಮ್ಮ ಊರು ಹೇಗಿದೆ? ಚೆನ್ನಾಗಿದೆ. ಅವನು ಕೇಳುತ್ತಿದ್ದ, ಉತ್ತರ ಮುಗಿದ ಮೇಲೂ ಸ್ವಲ್ಪ ಹೊತ್ತು ಕಾಯುತ್ತಿದ್ದ. ಅವಳು ಗಾಜಿನಾಚೆ ನೋಡುತ್ತಿದ್ದಳು. ಅಷ್ಟು ಹತ್ತಿರ ಕೂತು ಅಷ್ಟು ಒಂಟಿಯಾಗಿರಬಹುದು ಅಂತ ಅವಳಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ, ಆದರೆ ಅದನ್ನು ಅವಳಿಗೆ ಹೇಳುವವರು ಯಾರು?

ಕೋಣೆಯ ಹೊರಗೆ ಮಾತ್ರ ಅವಳು ಹಠಕ್ಕೆ ಬಿದ್ದಿದ್ದಳು. ಇವನಿಲ್ಲದೆಯೂ ಮಾತಾಡಿ ತೋರಿಸುತ್ತೇನೆ ಅನ್ನುವ ಹಠ. ಅಂಗಡಿಯವನ ಜೊತೆ ಹವಾಮಾನದ ಬಗ್ಗೆ ಮಾತಾಡಿದಳು. ಲಾಂಡ್ರಿಯಲ್ಲಿ ಪಕ್ಕದ ಕೋಣೆಯ ಹುಡುಗಿಗೆ ಕಲೆ ತೆಗೆಯುವುದು ಹೇಗೆಂದು ವಿವರಿಸಿದಳು. ಮನಸ್ಸು ಹಾಕಿಕೊಂಡಿದ್ದ ಬಾಗಿಲು ಒಳಗಿನಿಂದ ಯಾವಾಗ ತೆರೆದುಕೊಂಡಿತೋ ಅವಳಿಗೇ ತಿಳಿಯಲಿಲ್ಲ. ಸಿಟ್ಟಿನಲ್ಲಿ ಕಲಿತರೂ ಕಲಿತದ್ದು ಕಲಿತದ್ದೇ ತಾನೇ.

ಪರೀಕ್ಷೆ ಆಸ್ಪತ್ರೆಯಲ್ಲಿ ನಡೆಯಿತು. ಭುಜ ಹಿಡಿದುಕೊಂಡ ಒಬ್ಬ ಅಜ್ಜಿ ಮುಂದೆ ಕೂತಿದ್ದರು. ಅವರ ತೊಂದರೆ ಕೇಳಿಕೊಂಡು ವ್ಯಾಯಾಮ ವಿವರಿಸಬೇಕು. ಪರೀಕ್ಷಕರಿಬ್ಬರು ಗೋಡೆಗೊರಗಿ ನಿಂತಿದ್ದರು. ಇವಳಿಗಿಂತ ಮುಂಚೆ ಬಂದವರು ತಾವು ಕಲಿತದ್ದನ್ನು ಗಡಗಡ ಹೇಳಿ ಹೋಗಿದ್ದರು, ಅಜ್ಜಿಗೆ ಸುಸ್ತಾಗಿತ್ತು.

"ಏನು ತೊಂದರೆ ಅಜ್ಜಿ?"

"ಕೈ ಎತ್ತೋಕಾಗಲ್ಲ ಮಗಳೇ. ತಲೆ..." ಅಜ್ಜಿ ನಿಲ್ಲಿಸಿದರು. ಏನೋ ಹುಡುಕುತ್ತಿದ್ದರು.

'ತಲೆನೋವಾ' ಎಂದು ಕೇಳಬಹುದಾಗಿತ್ತು. ಅವಳು ಕೇಳಲಿಲ್ಲ. ಅಜ್ಜಿಯ ಮುಖ ನೋಡುತ್ತಾ ಕೂತಳು. ಕೂತಾಗಲೇ ಹೊಳೆಯಿತು, ಇದು ಯಾರಿಂದ ಬಂದ ಅಭ್ಯಾಸ ಅಂತ.

"...ತಲೆ ಬಾಚ್ಕೊಳ್ಳೋಕಾಗಲ್ಲ. ಯಜಮಾನ್ರೇ ಬಾಚ್ತಾರೆ. ಪಾಪ, ಅವರಿಗೆ ಬರಲ್ಲ. ನೋಡು ನನ್ನ ಅವತಾರ."

"ಹಾಗಾದ್ರೆ ವ್ಯಾಯಾಮ ಮೊದಲು ಅವರ ಕೈಗೆ ಹೇಳ್ಕೊಡೋಣ," ಎಂದಳು ಇವಳು.

ಅಜ್ಜಿ ಹಲ್ಲಿಲ್ಲದ ಬಾಯಿ ತುಂಬ ನಕ್ಕರು. ಪರೀಕ್ಷಕರೂ ನಕ್ಕರು. ಆ ಭಾಷೆಯಲ್ಲಿ ಅವಳು ಹೊರಗಿನವರ ಮುಂದೆ ಹೇಳಿದ ಮೊದಲ ತಮಾಷೆ ಅದು.

ಪಾಸಾದಳು. ಬರೀ ಪಾಸಲ್ಲ, ಆ ತಂಡದಲ್ಲಿ ಎಲ್ಲರಿಗಿಂತ ಮುಂದೆ. ಆಸ್ಪತ್ರೆಯ ಮೆಟ್ಟಿಲಿಳಿದು ಬಂದು ಫೋನ್ ಕೈಗೆ ತೆಗೆದುಕೊಂಡಳು. ಅಕ್ಕನಿಗೆ ಹೇಳಿದಳು, ಅಕ್ಕ ಕುಣಿದಾಡಿದಳು. ಫೋನಿಟ್ಟ ಮೇಲೂ ಹೇಳುವುದು ಇನ್ನೂ ಬಾಕಿ ಇದೆ ಅನ್ನಿಸಿತು. ಆ ಅಜ್ಜಿಯ ಮಾತನ್ನು ಅದೇ ಭಾಷೆಯಲ್ಲಿ ಯಾರಿಗಾದರೂ ಹೇಳಬೇಕಿತ್ತು. ಯಾರಿಗಾದರೂ ಏನು... ಒಬ್ಬನಿಗೆ.

ಮಾರನೆಯ ದಿನ ಪ್ರೊಫೆಸರ್ ಮೇಡಂ ಕರೆಸಿದರು. ಕನ್ನಡಕ ಹಣೆಗೇರಿಸಿದ, ಒಣ ದನಿಯ ಹೆಂಗಸು.

"ಅಭಿನಂದನೆ. ಆದ್ರೆ ನಿಮ್ಮ ಫಲಿತಾಂಶ ನಮ್ಮ ಅಧ್ಯಯನದಲ್ಲಿ ಸೇರಲ್ಲ. ಅದನ್ನ ನಿಮಗೆ ಹೇಳೋದು ನನ್ನ ಕರ್ತವ್ಯ."

"ನಾನು ಕಾಪಿ ಹೊಡೆದಿಲ್ಲ ಮೇಡಂ."

"ಅಯ್ಯೋ, ನಿಮ್ಮ ತಪ್ಪಲ್ಲಮ್ಮ. ಕೂತ್ಕೊಳ್ಳಿ." ಮೇಡಂ ಕನ್ನಡಕ ಕೆಳಗಿಳಿಸಿದರು. "ನಮ್ಮಲ್ಲೊಂದು ನಿಯಮ ಇದೆ. ಜೊತೆಗಾರ ಆ ಗಂಟೆ ಬಿಟ್ಟು ಹೊರಗೆಲ್ಲೂ ನಿಮ್ಮ ಹತ್ತಿರ ಒಂದು ಮಾತೂ ಆಡಬಾರದು. ಸಿಕ್ಕಲ್ಲೆಲ್ಲ ಮಾತಾಡಿಸ್ತಿದ್ರೆ ನೀವು ಕಲಿತಿದ್ದು ಎಲ್ಲಿ ಅಂತ ನಾವು ಲೆಕ್ಕ ಹಿಡಿಯೋದು ಹೇಗೆ? ಈ ನಿಯಮ ಇದೆ ಅಂತಾನೂ ಪರೀಕ್ಷೆ ಮುಗಿಯೋವರೆಗೆ ನಿಮಗೆ ಹೇಳೋ ಹಾಗಿಲ್ಲ."

ಅವಳಿಗೆ ಆ ಮಧ್ಯಾಹ್ನ ಕಣ್ಣ ಮುಂದೆ ಬಂತು. ರಸ್ತೆ, ಬಿಸಿಲು, ತೆರೆದು ಮುಚ್ಚಿದ ಬಾಯಿ.

"ಅವನು ನಿಯಮ ಮುರೀಲಿಲ್ಲ," ಮೇಡಂ ಮುಂದುವರಿಸಿದರು. "ಆದ್ರೆ ಒಂದು ದಿನ ಸಂಜೆ ಬಂದು ಇಲ್ಲೇ, ನೀವು ಕೂತಲ್ಲೇ ಕೂತ. ಬಸ್ ಸ್ಟಾಪಲ್ಲಿ ನೀವು ಮಾತಾಡಿಸಿದ್ರಂತೆ. 'ಉತ್ತರ ಕೊಡದೆ ಬಂದೆ ಮೇಡಂ. ಆದ್ರೆ ನಾನಿನ್ನು ಬರೀ ಜೊತೆಗಾರ ಅಲ್ಲ, ನನ್ನ ಮನಸ್ಸು ನನ್ನ ಹತ್ತಿರ ಇಲ್ಲ. ಅವರ ಲೆಕ್ಕ ಕೈಬಿಡಿ, ನನ್ನ ಹೆಸರೂ ತೆಗೀರಿ' ಅಂದ. ನಡುವೆ ಜೊತೆಗಾರನ್ನ ಬದಲಾಯಿಸಿದ್ರೆ ನೀವು ಮತ್ತೆ ಫೇಲಾಗ್ತೀರಿ ಅಂತ ನಾನೇ ಪರೀಕ್ಷೆವರೆಗೆ ಕೂರಿಸ್ದೆ. ಎರಡು ವರ್ಷ ದುಡಿದ ಪ್ರಬಂಧ. ಅದರಲ್ಲಿ ಈಗ ಅವನ ಹೆಸರಿಲ್ಲ."

ಅವಳು ಎದ್ದು ನಿಂತಾಗಿತ್ತು.

"ಕೊನೇ ಪ್ರಶ್ನೆ ಒಂದು ಬಾಕಿ ಇದೆ," ಎಂದರು ಮೇಡಂ. "ಲೆಕ್ಕಕ್ಕಿಲ್ಲ, ನನ್ನ ಕುತೂಹಲಕ್ಕೆ. ಭಾಷೆ ಯಾಕೆ ಕಲಿತ್ರಿ?"

"ಅದನ್ನ ಮೊದಲು ಅವರಿಗೆ ಹೇಳ್ಬೇಕು ಮೇಡಂ."

ಮೇಡಂ ಕಿಟಕಿ ಕಡೆ ಕೈ ತೋರಿಸಿದರು. "ಈ ಹೊತ್ತಲ್ಲಿ ಬಸ್ ಸ್ಟಾಪಲ್ಲಿರ್ತಾನೆ."

ಅವನು ಅಲ್ಲೇ ಇದ್ದ, ಅದೇ ಸ್ವೆಟರ್. ಅವಳನ್ನು ಕಂಡು ಅಭ್ಯಾಸಬಲದಿಂದ ಮುಖ ತಿರುಗಿಸಲು ಹೋಗಿ, ನೆನಪಾಗಿ, ಅರ್ಧದಲ್ಲೇ ನಿಂತ.

ಅವಳ ಬಾಯಿಂದ ಮಾತು ಸುರಿಯಿತು. ಅವನ ಭಾಷೆಯಲ್ಲಿ, ತಪ್ಪು ಸರಿ ನೋಡದೆ, ಅರಳು ಹುರಿದ ಹಾಗೆ. "ನೀವೊಬ್ಬ ದೊಡ್ಡ ಪೆದ್ದ. ಎರಡು ವರ್ಷದ ಕೆಲಸ ಯಾರಾದ್ರೂ ಬಿಟ್ಟುಕೊಡ್ತಾರಾ? ನಾನು ನಿಮ್ಮನ್ನ ಎಷ್ಟು ಬೈಕೊಂಡೆ ಗೊತ್ತಾ? ಪಾಸಾದೆ ಗೊತ್ತಾ? ಅಜ್ಜಿ ಒಬ್ಬರು ಬಂದಿದ್ರು, ಹೇಳ್ಬೇಕು ನಿಮಗೆ... ಪಾಸಾಗೋಕೆ ಕಲಿತೆ ಅಂದಿದ್ದೆನಲ್ಲ, ಅದು ಸುಳ್ಳು. ಮೊದಲು ನಿಜ ಇತ್ತು, ಆಮೇಲೆ ಸುಳ್ಳಾಯ್ತು. ನಿಮಗೆ ಹೇಳೋಕೇಂತ ಕಲಿತೆ. ಎಲ್ಲಾನೂ ನಿಮಗೆ ಹೇಳೋಕೇಂತ."

ಉಸಿರು ಮುಗಿದು ನಿಂತಳು. ಕಣ್ಣು ತುಂಬಿತ್ತು.

ಅವನು ಗಂಟಲು ಸರಿಮಾಡಿಕೊಂಡ. ಬಾಯಿ ತೆರೆದ. ಬಂದದ್ದು ಅವನ ಭಾಷೆಯಲ್ಲ, ಅವಳದು. ಅಕ್ಕನ ಭಾಷೆ, ಕೆಟಲ್‌ಗೆ ಹೇಳುವ ಭಾಷೆ.

"ಅಂದು... ತಾವು... ನನ್ನನ್ನು ಪ್ರಶ್ನಿಸಿದಿರಿ."

ಅವಳು ಬೆರಗಾಗಿ ಕೈಯನ್ನು ಬಾಯಿಗೆ ಒತ್ತಿಕೊಂಡಳು. "ಯಾರು ಕಲಿಸಿದ್ರು ನಿಮಗೆ?"

"ಪುಸ್ತಕವು. ಗ್ರಂಥಾಲಯದ... ಬಹು ಹಳೆಯ ಪುಸ್ತಕವು."

"ಗೊತ್ತಾಗುತ್ತೆ," ಎಂದಳು ಅವಳು, ಅಳುತ್ತಲೇ ನಗುತ್ತಾ. "ಯಾಕೆ ಕಲಿತ್ರಿ? ಪಾಸಾಗೋಕಾ?"

"ಪರೀಕ್ಷೆ ಇಲ್ಲ." ಅವನ ಕಿವಿ ಕೆಂಪಾಗಿತ್ತು. "ತಾವು ಚೆನ್ನಾಗಿದ್ದೀರಾ ಎಂದು ಕೇಳಿದಿರಿ. ನಾನು ಉತ್ತರ ನೀಡಲಿಲ್ಲ. ನಾನು... ಚೆನ್ನಾಗಿರಲಿಲ್ಲ."

ಬಸ್ಸು ಬಂದು ನಿಂತು, ಬಾಗಿಲು ತೆರೆದು, ಇವರಿಬ್ಬರನ್ನೂ ಬಿಟ್ಟು ಹೊರಟಿತು.

"ಈಗ?" ಎಂದು ಕೇಳಿದಳು.

ಅವನು ಪದಕ್ಕಾಗಿ ತಡಕಾಡಿದ. ರಸ್ತೆ ನೋಡಿದ, ತನ್ನ ಉಗುರು ನೋಡಿದ. ಆ ಪದ ಅವಳ ನಾಲಿಗೆಯ ತುದಿಯಲ್ಲೇ ಇತ್ತು, ಹೇಳಿಕೊಡುವುದು ಎಷ್ಟು ಹೊತ್ತಿನ ಮಾತು. ಅವಳು ಹೇಳಿಕೊಡಲಿಲ್ಲ. ಅವನ ಮುಖ ನೋಡುತ್ತಾ ಕಾದಳು.

"ಈಗ..." ಎಂದ ಅವನು, "ಈಗ ಚೆನ್ನಾಗಿದ್ದೇನೆ."